ಗಾಳಿಯ ನಕ್ಷೆ

ಕೆಮ್ಚಿಯ ಗ್ರಂಥಾಲಯದಲ್ಲಿ ಕಂಪ್ಯೂಟರು ಒಂದೇ.
ಅಂಗೈಯಗಲ. ಪರದೆಯ ಬೆನ್ನಿಗೆ
ಎರಡು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದೇನೆ.
ಫ್ಯಾನಿಲ್ಲ. ಬಿಸಿಯೇರಿದರೆ ಬಾಯಿಬಿಟ್ಟು ಹೇಳುವುದಿಲ್ಲ,
ಸುಮ್ಮನೆ ನಿಧಾನವಾಗುತ್ತದೆ,
ಮುನಿಸಿಕೊಂಡ ನನ್ನ ಗಂಡನ ಹಾಗೆ.

ಬೆಳಿಗ್ಗೆ ಬಾಗಿಲು ತೆಗೆಯುವುದಕ್ಕೂ ಕಾಯದೆ
ಅರ್ತೇಮಿಯೊ ನಾವೆಲ್ಕಿನ್ ಬಂದು ನಿಂತಿರುತ್ತಾನೆ.
ಬೂಟಿನ ಉಪ್ಪುನೀರು ಹೊಸ್ತಿಲಲ್ಲೇ ಕೊಡವಿ
ಗಾಳಿಯ ನಕ್ಷೆ ಕೇಳುತ್ತಾನೆ.
ಸಾವಿರಾರು ಬಿಳಿಯ ಎಳೆ
ಕೊಲ್ಲಿಯ ಮೇಲೆ ಹರಿಯಬೇಕು. ಹರಿಯುವುದಿಲ್ಲ.
ಒಂದು ಚಿತ್ರ. ನಿಟ್ಟುಸಿರು. ಇನ್ನೊಂದು ಚಿತ್ರ.
"ನಿನ್ನ ಡಬ್ಬಿ ಗಾಳಿಗೆ
ಮೆಟ್ಟಿಲು ಹತ್ತಿಸುತ್ತಿದೆ" ಅನ್ನುತ್ತಾನೆ.
ಅದು ಹತ್ತಿ ಮುಗಿಸುವಷ್ಟರಲ್ಲಿ
ಕಿಟಕಿಯಾಚೆ ನಿಜವಾದ ಗಾಳಿ
ಅವನ ದೋಣಿಯ ಹಗ್ಗ ಜಗ್ಗಿ ನೋಡಿ ಹೋಗಿರುತ್ತದೆ.

ಚಿತ್ರ ಬಿಡಿಸಲೆಂದೇ ಆ ಚೂರಿನೊಳಗೆ
ಬೇರೆ ಒಬ್ಬ ಆಳಿದ್ದಾನೆ, ಚುರುಕಿನವನು.
ಬ್ರೌಸರು ಅವನನ್ನು ನಂಬುವುದಿಲ್ಲ.
ಅವನ ಡ್ರೈವರು ಹಳತು, ತೂತು ಬಹಳ,
ಹೆಸರು ಯಾವುದೋ ನಿಷೇಧದ ಪಟ್ಟಿ ಸೇರಿದೆ.
ಹಾಗಾಗಿ ಲೆಕ್ಕ ಬರೆಯುವ ಗುಮಾಸ್ತನೇ
ಕುಂಚ ಹಿಡಿದು, ನಾಲಗೆ ಕಚ್ಚಿ,
ಚುಕ್ಕೆ ಚುಕ್ಕೆ ಬಳಿಯುತ್ತಾನೆ ಸಮುದ್ರವನ್ನು.

ಒಂದು ಮಂಗಳವಾರ ನಕ್ಷೆ ಓಡಿತು.
ನೀರು ಹರಿದಂತೆ ಓಡಿತು.
ಅರ್ತೇಮಿಯೊ ಟೊಪ್ಪಿ ತೆಗೆದ.
ಎರಡು ದ್ವೀಪದ ನಡುವಿನ ಕಂಡಿಯಲ್ಲಿ
ಎಳೆಗಳು ಒಡೆದು ಸುತ್ತುವುದನ್ನು ನೋಡಿ
"ಓ, ಇಲ್ಲೇ ಅಲ್ಲವೆ ನಮ್ಮಣ್ಣ..." ಎಂದು
ಮಾತು ಅಲ್ಲಿಗೇ ಬಿಟ್ಟ.
ಹೇಗಾಯಿತೆಂದು ನಾನು ಕೇಳಲಿಲ್ಲ.
ಒಳ್ಳೆಯದಾದಾಗ ಯಾರು ಕೇಳುತ್ತಾರೆ?

ಶುಕ್ರವಾರ ಎದುವಿನಾ ಚಿಗ್ವಾಯ್, ಪಿಂಚಣಿಯ ದಿನ.
ಗುರುತಿನ ಸಂಖ್ಯೆಯನ್ನು ಒಂದೊಂದೇ ಅಂಕಿ
ಊರಿಗೆಲ್ಲ ಕೇಳುವಂತೆ ಹೇಳಿಕೊಂಡು ಒತ್ತುತ್ತಾಳೆ.
ಪಕ್ಕದ ಟ್ಯಾಬಿನಲ್ಲಿ ಯಾರದೋ ಆಟ,
ಡ್ರ್ಯಾಗನ್ನೊಂದು ಬಾಲ ತಿರುಗಿಸುತ್ತ ಕಾದಿದೆ.
ಪರದೆಯ ನೆತ್ತಿಯಲ್ಲಿ ನಾನೇ ಅಂಟಿಸಿದ ಚೀಟಿ:
'ಲಾಗೌಟ್ ಮಾಡದೆ ಏಳಬೇಡಿ.'
ಅದರ ಅಂಚು ಸುರುಳಿಯಾಗಿತ್ತು.
ಅಡಿಯಲ್ಲಿ ಏನೋ ಹಳದಿ.
ಕಿತ್ತೆ.
ಬ್ರೌಸರಿನದೇ ಎಚ್ಚರಿಕೆ:
ಸ್ಯಾಂಡ್‌ಬಾಕ್ಸ್ ಇಲ್ಲದೆ ನಡೆಯುತ್ತಿದ್ದೇನೆ, ಭದ್ರತೆ ಕೆಟ್ಟೀತು.
ನಾಲ್ಕು ದಿನದಿಂದ ಕೂಗುತ್ತಿತ್ತು,
ಅದರ ಬಾಯಿಗೆ ನನ್ನದೇ ಬುದ್ಧಿಮಾತು ಮೆತ್ತಿತ್ತು.

ಯೆರ್ಕೊ. ಹದಿಮೂರು. ಆಟ ತಡವರಿಸಿತೆಂದು
ಶುರುವಾಗುವ ಆಜ್ಞೆಗೆ ಎರಡು ಮಾತು ಸೇರಿಸಿದ್ದ.
ಮೊದಲನೆಯದು: ನಿಷೇಧದ ಪಟ್ಟಿ ನೋಡಬೇಡ.
ಎರಡನೆಯದು: ಬೇಲಿಯೇ ಬೇಡ.
"ಎರಡನೆಯದು ಯಾಕೋ?"
"ಅಲ್ಲಿ ಹಾಗೇ ಬರೆದಿತ್ತು."
ಅಳಿಸಿ ನೋಡಿದೆವು. ನಕ್ಷೆ ಓಡುತ್ತಲೇ ಇತ್ತು.
ಬೇಲಿ ಕಿತ್ತದ್ದು ದಂಡಕ್ಕೆ.
ಅವನ ಕಿವಿ ಕೆಂಪಗಾಯಿತು. ನಾನು ಬೈಯಲಿಲ್ಲ,
ಬೈಯುವ ಮುಖ ನನ್ನಲ್ಲಿರಲಿಲ್ಲ.

ಉಳಿದದ್ದು ಮೊದಲನೆಯ ಮಾತು.
ಅದನ್ನು ತೆಗೆದರೆ ಅರ್ತೇಮಿಯೊಗೆ ಮತ್ತೆ ಮೆಟ್ಟಿಲು.
ಬಿಟ್ಟರೆ ಆ ಹಳೆಯ ಡ್ರೈವರಿನ ತೂತಿನ ಪಕ್ಕದಲ್ಲೇ
ಎದುವಿನಾಳ ಪಿಂಚಣಿ.
ರಾತ್ರಿ ಒಲೆಗೆ ಸೌದೆ ಮುಗಿಯುವ ತನಕ ಕೂತು
ಒಂದೇ ಯಂತ್ರದಲ್ಲಿ ಎರಡು ಮನೆ ಮಾಡಿದೆ.
ಒಂದರ ಬಾಗಿಲಿಗೆ ದೋಣಿಯ ಚಿತ್ರ:
ಅಲ್ಲಿ ಓಟವಿದೆ, ಕದಿಯಲು ಕಾಸಿಲ್ಲ.
ಇನ್ನೊಂದಕ್ಕೆ ಕದಿರಿನ ಚಿತ್ರ:
ಅಲ್ಲಿ ಎಲ್ಲವೂ ನಿಧಾನ, ಚಿಲಕ ಭದ್ರ.
ಪೂರ್ತಿ ಭದ್ರವೆ? ಗೊತ್ತಿಲ್ಲ.
ಹೊಸ ಡ್ರೈವರು ಬರುವ ತನಕ ಇಷ್ಟು.

ಮುಂದಿನ ತಿಂಗಳು ಎದುವಿನಾ ಕದಿರು ಒತ್ತಿ,
ಹಣ ನೋಡಿ, ತಾನೇ ಮುಚ್ಚಿ,
ಆಮೇಲೆ ದೋಣಿ ಒತ್ತಿಸಿಕೊಂಡಳು.
ಹರಿಯುವ ಬಿಳಿ ಎಳೆಗಳ ಮುಂದೆ
ಬಹಳ ಹೊತ್ತು ಮಾತಿಲ್ಲ.
ಅರವತ್ತು ವರ್ಷ ಉಣ್ಣೆ ನೂತ ಬೆರಳು
ಮೆಲ್ಲಗೆ ಗಾಜಿನ ಮೇಲೆ, ಆ ಕಂಡಿಯ ಮೇಲೆ.
"ಇಲ್ಲಿ ನೋಡು, ಗಂಟು ಬೀಳ್ತಿದೆ."
ಬಾಗಿಲ ಬಳಿ ಹೊರಟು ನಿಂತಿದ್ದ ಅರ್ತೇಮಿಯೊ
ಟೊಪ್ಪಿ ಮತ್ತೆ ತೆಗೆದು
ಬೆಂಚಿನ ತುದಿಗೆ ಕೂತ.